ಮೂರು ತಾಸಿನ ಪರೀಕ್ಷೆ: ಧಾರವಾಡ ಸೀಮೆಯಲ್ಲಿ ಕಲಿಕಾ ನ್ಯೂನತೆಯ ಚರಿತ್ರೆ

ಧಾರವಾಡ ಸೀಮೆಯಲ್ಲಿ ಸರ್ಕಾರಿ ಶಾಲೆಗಳು ಬೇರೂರುವ ಮೊದಲು ಅಕ್ಷರ ಕಲಿಸುತ್ತಿದ್ದವು ಗಾವಟಿ ಶಾಲೆಗಳು. ಗುಡಿಯ ಪೌಳಿ, ಮಠದ ಪಡಸಾಲೆ, ಊರ ಗೌಡರ ಮನೆಯ ಕಟ್ಟೆ, ಎಲ್ಲಿ ನೆರಳಿತ್ತೋ ಅಲ್ಲಿ ಶಾಲೆ. ಹುಡುಗರು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಕಾಗುಣಿತ, ಪದ್ಯಗಳನ್ನು ಒಕ್ಕೊರಲಿನಿಂದ ಹೇಳಿ ಬಾಯಿಪಾಠ ಮಾಡುತ್ತಿದ್ದರು. ಅಲ್ಲಿ ಇಯತ್ತೆಗಳಿರಲಿಲ್ಲ, ವರ್ಷದ ಕೊನೆಗೆ ಪರೀಕ್ಷೆಯೂ ಇರಲಿಲ್ಲ. ಕಾಗುಣಿತ ದಾಟಲು ಒಬ್ಬನಿಗೆ ಆರು ತಿಂಗಳು ಸಾಕಾದರೆ ಇನ್ನೊಬ್ಬನಿಗೆ ಎರಡು ವರ್ಷ ಹಿಡಿಯುತ್ತಿತ್ತು. ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂತಿರುತ್ತಿದ್ದರು. ಈ ಶಾಲೆಗಳನ್ನು ಹೊಗಳಿ ಅಟ್ಟಕ್ಕೇರಿಸಬೇಕಾದ್ದಿಲ್ಲ. ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿಕೊಂಡವರಿಗೂ ಅಲ್ಲಿ ಜಾಗವಿರಲಿಲ್ಲ, ಮತ್ತೆ ಮತ್ತೆ ತಪ್ಪುವ ಹುಡುಗನಿಗೆ ಕೋದಂಡದ ಶಿಕ್ಷೆ ಕಾದಿರುತ್ತಿತ್ತು. ಆದರೂ ಕಲಿಕೆಯ ವೇಗವನ್ನು ಹುಡುಗನಿಗೆ ಬಿಟ್ಟುಕೊಟ್ಟ ಪದ್ಧತಿ ಅದು. ಮುಂದೆ ಬಂದ ವ್ಯವಸ್ಥೆ ಕಳೆದುಕೊಂಡದ್ದು ಈ ಗುಣವನ್ನೇ.

1855ರಲ್ಲಿ ಮುಂಬೈ ಇಲಾಖೆಯಲ್ಲಿ ಶಿಕ್ಷಣ ಖಾತೆ ಹುಟ್ಟಿತು. ಇಯತ್ತೆ, ಪಠ್ಯಪುಸ್ತಕ, ಇನ್‌ಸ್ಪೆಕ್ಟರರ ತಪಾಸಣೆ, ಕೊನೆಗೆ ಪ್ರಾಥಮಿಕ ಶಾಲೆ ಮುಗಿಸುವ ಮುಲ್ಕಿ ಪರೀಕ್ಷೆ ಎಂಬ ಏಣಿ ಸಿದ್ಧವಾಯಿತು. 1860ರ ದಶಕದಲ್ಲಿ ಸರ್ ಅಲೆಕ್ಸಾಂಡರ್ ಗ್ರಾಂಟ್ ಖಾತೆಯ ನಿರ್ದೇಶಕನಾಗಿದ್ದಾಗ ಖಾಸಗಿ ಶಾಲೆಗಳಿಗೆ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂತು. ಇನ್‌ಸ್ಪೆಕ್ಟರರ ಮುಂದೆ ಪಾಸಾದ ಹುಡುಗ ಶಾಲೆಗೆ ಹಣ ತರುತ್ತಾನೆ, ಪಾಸಾಗದವನು ತರುವುದಿಲ್ಲ. ನಿಧಾನವಾಗಿ ಓದುವ ಹುಡುಗ ಮಾಸ್ತರರ ತಲೆನೋವಿನ ಜೊತೆಗೆ ಸಂಸ್ಥೆಯ ಲೆಕ್ಕದಲ್ಲಿ ನಷ್ಟದ ಬಾಬೂ ಆದ.

ಧಾರವಾಡದವರಿಗೆ ಆಗ ಕಾಣುತ್ತಿದ್ದ ತೊಡಕು ಬೇರೆ. ಕನ್ನಡ ಮಾತಾಡುವ ಮಕ್ಕಳಿಗೆ ಮರಾಠಿಯಲ್ಲಿ ಪಾಠ ನಡೆಯುತ್ತಿತ್ತು. ಇನ್‌ಸ್ಪೆಕ್ಟರ್ ಡಬ್ಲ್ಯು. ಎ. ರಸೆಲ್ ಹಾಗೂ ಡೆಪ್ಯುಟಿ ಚನ್ನಬಸಪ್ಪನವರು ಈ ತೊಡಕನ್ನು ಬಿಡಿಸಲು ಹೊರಟರು. ಮಾಸ್ತರರನ್ನು ತಯಾರು ಮಾಡುವ ಶಾಲೆ ಧಾರವಾಡದಲ್ಲಿ ನಿಂತಿತು. ವೆಂಕಟ ರಂಗೋ ಕಟ್ಟಿಯವರಂಥವರು ಕನ್ನಡದಲ್ಲಿ ಪಠ್ಯ ಬರೆದರು. ಮಾಸ್ತರರಿಗಾಗಿ 'ಮಠಪತ್ರಿಕೆ' ಹೊರಟಿತು. ಅದೇ ಪತ್ರಿಕೆ ಮುಂದೆ 'ಜೀವನ ಶಿಕ್ಷಣ' ಎಂಬ ಹೆಸರಿನಲ್ಲಿ ಮುಂದುವರಿಯಿತು. ಮಗುವಿಗೆ ಪಾಠ ತಿಳಿಯದಿದ್ದರೆ ತಪ್ಪು ಮಗುವಿನದಲ್ಲ, ಕಲಿಸುವ ಬಗೆಯದು ಎಂಬ ವಿಚಾರ ಈ ಊರಿನಲ್ಲಿ ಮೊದಲು ಆಚರಣೆಗೆ ಬಂದದ್ದು ಭಾಷೆಯ ಪ್ರಶ್ನೆಯಲ್ಲಿ. ಇಂದು ಎಲ್ಲರನ್ನೂ ಒಳಗೊಳ್ಳುವ ಬೋಧನೆ ಎಂದು ಕರೆಯುವುದರ ತಿರುಳು ಇದೇ. ಅದನ್ನು ಭಾಷೆಯಾಚೆಗೆ ಹಿಗ್ಗಿಸಲು ಮಾತ್ರ ಒಂದೂವರೆ ಶತಮಾನ ಹಿಡಿಯಿತು.

ಕಾಲೇಜಿನ ಕತೆ ತಡವಾಗಿ ಶುರುವಾಗುತ್ತದೆ. ಮುಂಬೈ ವಿಶ್ವವಿದ್ಯಾಲಯ 1857ರಲ್ಲೇ ಸ್ಥಾಪನೆಯಾದರೂ ಧಾರವಾಡ, ಹುಬ್ಬಳ್ಳಿಯ ಹುಡುಗರು ಪದವಿಗಾಗಿ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಹಣ, ದೂರ, ಊಟ, ಮೂರೂ ಅಡ್ಡಿ. ಅವುಗಳನ್ನು ಊರವರೇ ಒಂದೊಂದಾಗಿ ಸರಿಸಿದರು. 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿ ಕೂಡಿಬಂತು, 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಓಡಾಟದಿಂದ 1917ರಲ್ಲಿ ಕರ್ನಾಟಕ ಕಾಲೇಜು ಧಾರವಾಡಕ್ಕೇ ಬಂತು. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯ, ಹುಬ್ಬಳ್ಳಿಯ ಮೂರುಸಾವಿರ ಮಠದ ಆಸರೆ, ಬ್ರಾಹ್ಮಣ ಓಣಿಗಳ ವಾರಾನ್ನ, ಇವು ಎಷ್ಟೋ ಬಡ ಹುಡುಗರನ್ನು ಪದವಿಯ ತನಕ ಮುಟ್ಟಿಸಿದವು. ವಿದ್ಯಾರ್ಥಿಯ ಬೆನ್ನಿಗೆ ಇಡೀ ಊರು ನಿಲ್ಲುವ ರೂಢಿ ಧಾರವಾಡಕ್ಕೆ ಹೊಸದಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಆದರೆ ಪರೀಕ್ಷೆ ಮುಂಬೈಯದೇ. ಮೂರು ತಾಸು ಕೂತು ಇಂಗ್ಲಿಷಿನಲ್ಲಿ ಬರೆಯಬೇಕು. ಊಟ, ವಸತಿ, ಪುಸ್ತಕ ಎಲ್ಲ ಸಿಕ್ಕಿಯೂ ನಪಾಸಾದವನನ್ನು ವಿವರಿಸಲು ಆ ಕಾಲದಲ್ಲಿ ಎರಡೇ ಕಾರಣಗಳಿದ್ದವು: ಸೋಮಾರಿ ಅಥವಾ ದಡ್ಡ. ಬುದ್ಧಿ ಚುರುಕಾಗಿದ್ದು, ಕಣ್ಣು ಕಿವಿ ನೆಟ್ಟಗಿದ್ದು, ಆದರೂ ಅಕ್ಷರಗಳು ಮಾತಾಗಿ ಕೂಡಿಕೊಳ್ಳದ ಸ್ಥಿತಿಯೊಂದಿದೆ ಎಂಬುದು ಯೂರೋಪಿನಲ್ಲೂ ಆಗಷ್ಟೇ ತಿಳಿಯತೊಡಗಿತ್ತು. 1896ರ ನವೆಂಬರಿನಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಲೆಕ್ಕದಲ್ಲಿ ಜಾಣನಾಗಿದ್ದೂ ಸರಳ ಪದಗಳನ್ನು ಓದಲಾರದ 14 ವರ್ಷದ ಹುಡುಗನೊಬ್ಬನ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ. ಓದಿನ ತೊಡಕಾದ ಡಿಸ್‌ಲೆಕ್ಸಿಯಾ, ಬರವಣಿಗೆಯ ತೊಡಕಾದ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಾದ ಡಿಸ್‌ಕ್ಯಾಲ್ಕುಲಿಯಾಗಳೆಲ್ಲ ಕಲಿಕಾ ನ್ಯೂನತೆ ಎಂಬ ಒಂದೇ ಹೆಸರಿನಡಿ ಸೇರಿದ್ದು 1963ರಲ್ಲಿ, ಅಮೆರಿಕದ ಸ್ಯಾಮ್ಯುಯೆಲ್ ಕರ್ಕ್ ಆ ಹೆಸರನ್ನು ಬಳಕೆಗೆ ತಂದ ಮೇಲೆ.

ಧಾರವಾಡದಲ್ಲಿ ಮನಸ್ಸಿನ ಕಾಯಿಲೆಗೆ ಆಸ್ಪತ್ರೆ 1845ರಷ್ಟು ಹಿಂದೆಯೇ ಇತ್ತು. ಇಂದಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಮೂಲ ಅದು. ಹುಚ್ಚು ಹಿಡಿದವರೆಂದು ಜನ ಕರೆಯುತ್ತಿದ್ದವರಿಗೆ ಅಲ್ಲಿ ಕೋಣೆಯಿತ್ತು. ಓದಲು ತಡವರಿಸುವ ಜಾಣ ಹುಡುಗ ರೋಗಿಯಲ್ಲವಾದ್ದರಿಂದ ಅವನಿಗೆ ಅಲ್ಲೂ ದಾರಿಯಿರಲಿಲ್ಲ. ಅಂಧರ ಪಾಲಿಗೆ ಮಾತ್ರ ಬೇರೊಂದು ದಾರಿ ತೆರೆಯಿತು, ಅದೂ ಆಗ ಧಾರವಾಡ ಜಿಲ್ಲೆಯೊಳಗೇ ಇದ್ದ ಗದಗಿನಲ್ಲಿ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಉಂಡು, ಉಳಿದು, ಸಂಗೀತ ಕಲಿತರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಬ್ರೈಲ್ ಲಿಪಿಯ ನೆರವಿನಿಂದ ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿದರು. ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಆ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಕೆಲಸ ಆರಂಭಿಸಿ 1950ರಲ್ಲಿ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರ ಕಾಲದಲ್ಲಿ ಅದು ಗುಡ್ಡದ ಮೇಲೆ ಮೈತುಂಬಿ ನಿಂತಿತು. ವಿಶ್ವವಿದ್ಯಾಲಯದ ಎರಡು ಕೆಲಸಗಳು ಈ ಚರಿತ್ರೆಯಲ್ಲಿ ಮುಖ್ಯ. ಒಂದು, ವ್ಯಾಸಂಗ ವಿಸ್ತರಣ. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುತ್ತಿದ್ದರು, ಆ ಉಪನ್ಯಾಸಗಳು ಅಗ್ಗದ ಬೆಲೆಯ ಸಣ್ಣ ಪುಸ್ತಿಕೆಗಳಾಗಿ ಹೊರಬರುತ್ತಿದ್ದವು. 1956ರಿಂದ 1983ರವರೆಗೆ ಈ ಕೆಲಸ ನೋಡಿಕೊಳ್ಳುತ್ತಿದ್ದ ಪ್ರಸಾರಾಂಗದ ಹೊಣೆ ಹೊತ್ತಿದ್ದವರು ಕವಿ ಚನ್ನವೀರ ಕಣವಿ. ಒಂದೇ ವಿಷಯವನ್ನು ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ, ಅದೂ ಸರಳ ಕನ್ನಡದಲ್ಲಿ ಮುಟ್ಟಿಸಿದ ಕ್ರಮ ಅದು. ಓದಿನ ತೊಡಕಿರುವವರಿಗೆ ಇಂದಿನ ತಜ್ಞರು ಸೂಚಿಸುವುದೂ ಹೆಚ್ಚುಕಡಿಮೆ ಇದನ್ನೇ, ಕಣವಿಯವರ ಕಾಲದಲ್ಲಿ ಯಾರೂ ಅದನ್ನು ಆ ಉದ್ದೇಶದಿಂದ ಮಾಡಿರಲಿಲ್ಲ ಅಷ್ಟೆ.

ಎರಡನೆಯದು ಸಂಗೀತ ವಿಭಾಗ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಮೊದಲಾದವರು ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಇವರಲ್ಲಿ ಯಾರ ವಿದ್ಯೆಯೂ ಕಾಲೇಜಿನಿಂದ ಬಂದದ್ದಲ್ಲ. ಗುರುವಿನ ಎದುರು ಕೂತು, ಕೇಳಿ, ತಿರುಗಿ ಹಾಡಿ, ತಪ್ಪಿ, ಮತ್ತೆ ಹಾಡಿ ಪಡೆದದ್ದು. ಗಂಗೂಬಾಯಿಯವರ ಶಾಲೆಯ ಓದು ಪ್ರಾಥಮಿಕ ಹಂತಕ್ಕೇ ನಿಂತಿತ್ತು. ಸಂಗೀತದ ವಿದ್ಯಾರ್ಥಿಗೆ ಏನು ಬರುತ್ತದೆ ಎಂದು ತಿಳಿಯಲು ಅವನನ್ನು ಹಾಡಿಸಿ ನೋಡಬೇಕೆಂದು ವಿಶ್ವವಿದ್ಯಾಲಯ ಆಗಲೇ ಒಪ್ಪಿಕೊಂಡಿತ್ತು. ಇತಿಹಾಸದ, ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಏನು ಬರುತ್ತದೆ ಎಂದು ತಿಳಿಯಲು ಅವನನ್ನು ಮಾತಾಡಿಸಿ ನೋಡಬಹುದೆಂಬ ಯೋಚನೆ ಮಾತ್ರ ಪಕ್ಕದ ಕಟ್ಟಡದ ಹೊಸ್ತಿಲು ದಾಟಲಿಲ್ಲ. ಎಂ.ಎ., ಪಿಎಚ್.ಡಿ.ಗಳಲ್ಲಿ ಮೌಖಿಕ ಪರೀಕ್ಷೆ ಉಂಟು, ಆದರೆ ಅದು ಬರೆದದ್ದರ ಬಾಲವಾಗಿ ಬರುತ್ತದೆಯೇ ಹೊರತು ಅದಕ್ಕೆ ಬದಲಾಗಿ ಅಲ್ಲ.

ಕನ್ನಡದ ಓದಿನಲ್ಲಿ ಈ ತೊಡಕು ಹೇಗೆ ಕಾಣಿಸಿಕೊಳ್ಳುತ್ತದೆ ಎಂಬ ಅಧ್ಯಯನ ಶುರುವಾದದ್ದು ಮೈಸೂರು, ಬೆಂಗಳೂರುಗಳಲ್ಲಿ. 1960ರ ದಶಕದಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇದರಲ್ಲಿ ಮುಂಚೂಣಿಯಲ್ಲಿದ್ದವು. ಪ್ರತಿಭಾ ಕಾರಂತ, ಸೋನಾಲಿ ನಾಗ್ ಮೊದಲಾದ ಸಂಶೋಧಕರು ಕನ್ನಡದಂಥ ಲಿಪಿಯಲ್ಲಿ ಓದು ಬೆಳೆಯುವ ಬಗೆಯನ್ನು ಗಮನಿಸಿದರು. ಇಂಗ್ಲಿಷಿನಲ್ಲಿ ಅಕ್ಷರಗಳು 26, ತೊಡಕಿರುವುದು ಕಾಗುಣಿತದಲ್ಲಿ. ಕನ್ನಡದಲ್ಲಿ ಬರೆದಂತೆ ಓದಬಹುದು, ಆದರೆ ವ್ಯಂಜನಗಳಿಗೆ ಸ್ವರಗಳು ಕೂಡಿ ನಾನೂರಕ್ಕೂ ಮಿಕ್ಕ ರೂಪಗಳಾಗುತ್ತವೆ, ಒತ್ತಕ್ಷರಗಳದ್ದು ಇನ್ನೊಂದು ಲೆಕ್ಕ. ಈ ಸಂಪತ್ತು ಪೂರ್ತಿ ಕೈಗೆ ಹತ್ತಲು ಸಾಮಾನ್ಯ ಮಗುವಿಗೂ ನಾಲ್ಕೈದು ವರ್ಷ ಬೇಕಾಗುತ್ತದೆಂದು ನಾಗ್ ಅವರ ಅಧ್ಯಯನ ತೋರಿಸಿತು. ತೊಡಕಿರುವ ಕನ್ನಡದ ವಿದ್ಯಾರ್ಥಿ ಹಾಗಾಗಿ ಅನೇಕ ವೇಳೆ ತಪ್ಪು ಓದುವುದಿಲ್ಲ, ನಿಧಾನ ಓದುತ್ತಾನೆ. ಬರೆಯುವಾಗ ಒತ್ತು ಬಿಡುತ್ತಾನೆ, ದೀರ್ಘ ಮರೆಯುತ್ತಾನೆ; ಓದುವಾಗ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಜಾರಿರುತ್ತದೆ. ಧಾರವಾಡ ಕಡೆಯ ಮಗುವಿಗೆ ಇನ್ನೊಂದು ಹೊರೆಯೂ ಉಂಟು. ಮನೆಯಲ್ಲಿ 'ಮಾಡಾಕತ್ತಾನ' ಎಂದು ಕೇಳಿದ್ದನ್ನು ಪುಸ್ತಕದಲ್ಲಿ 'ಮಾಡುತ್ತಿದ್ದಾನೆ' ಎಂದು ಗುರುತಿಸಬೇಕು.

ಇಂಥ ವಿದ್ಯಾರ್ಥಿ ಕಾಲೇಜಿನ ತನಕ ಯಾರ ಕಣ್ಣಿಗೂ ಬೀಳದೆ ಬರುವುದು ಹೇಗೆ? ಬಾಯಿಪಾಠದ ಬಲದಿಂದ. ಕೇಳಿದ್ದನ್ನು ನೆನಪಿಟ್ಟು, ಗೈಡಿನ ಉತ್ತರ ಉರು ಹೊಡೆದು, ಟ್ಯೂಷನ್ನಿನ ಆಸರೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿಬಿಡುತ್ತಾನೆ. ಅಲ್ಲಿ ಅವನು ಎದುರಿಸಿದ್ದು ಮೂರು ಭಾಷೆ, ಸಾಮಾನ್ಯವಾಗಿ ಮೂರು ಲಿಪಿ: ಕನ್ನಡ, ಇಂಗ್ಲಿಷ್, ಹಿಂದಿ. 1982ರ ಗೋಕಾಕ್ ಚಳವಳಿ ಧಾರವಾಡದಿಂದಲೇ ಕಾವು ಪಡೆದು ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೇಳಿತು. ಭಾಷೆಗಳ ಅನುಕ್ರಮದ ಬಗ್ಗೆ ನಾಡೆಲ್ಲ ಚರ್ಚೆ ನಡೆದರೂ ಒಂದೇ ಲಿಪಿಯಲ್ಲಿ ಏಗಲಾರದ ಮಗುವಿಗೆ ಮೂರು ಲಿಪಿ ಏನು ಮಾಡುತ್ತವೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಏಳಲಿಲ್ಲ. ಗುಟ್ಟು ಬಯಲಾಗುವುದು ಪಿಯುಸಿಯಲ್ಲಿ. ಕನ್ನಡ ಮಾಧ್ಯಮದ ಹುಡುಗ ವಿಜ್ಞಾನ ಆರಿಸಿಕೊಂಡರೆ ಒಂದೇ ಬೇಸಿಗೆಯಲ್ಲಿ ಇಡೀ ಓದು ಇಂಗ್ಲಿಷಿಗೆ ಹೊರಳುತ್ತದೆ, ಪುಸ್ತಕ ದಪ್ಪವಾಗುತ್ತದೆ, ನೆನಪು ಕೈಕೊಡುತ್ತದೆ. ಉಪನ್ಯಾಸಕರು ಇಂಗ್ಲಿಷ್ ಕಚ್ಚಾ ಎಂದು ಷರಾ ಬರೆದು ಮುಂದೆ ಹೋಗುತ್ತಾರೆ. ಕೆಲವರ ಮಟ್ಟಿಗೆ ಆ ಷರಾ ನಿಜವೂ ಹೌದು. ಮಾಧ್ಯಮ ಬದಲಾದದ್ದರ ಕಷ್ಟ ಯಾವುದು, ಓದಿನ ಮೂಲದ ತೊಡಕು ಯಾವುದು ಎಂದು ಬೇರ್ಪಡಿಸುವುದು ತಜ್ಞರಿಗೂ ಸುಲಭವಲ್ಲ.

ಕಾನೂನಿನ ಮಟ್ಟಿಗೆ ಈ ವಿದ್ಯಾರ್ಥಿಗಳು ಬಹುಕಾಲ ಇರಲೇ ಇಲ್ಲ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿತು, ಕಲಿಕಾ ನ್ಯೂನತೆ ಆ ಪಟ್ಟಿಯಲ್ಲಿ ಇರಲಿಲ್ಲ. ಡಿಸ್‌ಲೆಕ್ಸಿಯಾ ಎಂಬ ಮಾತು ಹುಬ್ಬಳ್ಳಿಯ ಮನೆಮನೆಗೆ ತಲುಪಿದ್ದು ವೈದ್ಯರಿಂದಲೂ ಅಲ್ಲ, ಮಾಸ್ತರರಿಂದಲೂ ಅಲ್ಲ, 2007ರ ಡಿಸೆಂಬರಿನಲ್ಲಿ ತೆರೆಗೆ ಬಂದ 'ತಾರೇ ಜಮೀನ್ ಪರ್' ಹಿಂದಿ ಸಿನಿಮಾದಿಂದ ಎಂದರೆ ಉತ್ಪ್ರೇಕ್ಷೆಯಾಗದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಸೇರಿಸಿಕೊಂಡಿತು. 2017ರ ಏಪ್ರಿಲ್ 19ರಿಂದ ಅದು ಜಾರಿಗೆ ಬಂತು. ಅದರ 16ನೇ ಕಲಮು ಮಕ್ಕಳಲ್ಲಿ ಈ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಬೋಧನೆಯಲ್ಲಿ ತಕ್ಕ ಕ್ರಮ ಕೈಗೊಳ್ಳಬೇಕೆನ್ನುತ್ತದೆ. 17ನೇ ಕಲಮು ಪಠ್ಯಕ್ರಮ ಮತ್ತು ಪರೀಕ್ಷಾ ಪದ್ಧತಿಗಳೆರಡನ್ನೂ ಮಾರ್ಪಡಿಸಬೇಕೆಂದು ಹೇಳಿ, ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೆಯ ಹಾಗೂ ಮೂರನೆಯ ಭಾಷೆಯಿಂದ ವಿನಾಯಿತಿಯನ್ನು ಉದಾಹರಿಸುತ್ತದೆ. 32ನೇ ಕಲಮಿನ ಪ್ರಕಾರ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ. 5ಕ್ಕೆ ಕಡಿಮೆಯಿಲ್ಲದಷ್ಟು ಸೀಟುಗಳನ್ನು ನಿಗದಿತ ಪ್ರಮಾಣದ, ಎಂದರೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಕಾದಿರಿಸಬೇಕು.

ಹಕ್ಕು ಸಿಕ್ಕಿತು, ಅದನ್ನು ಕೈಗೆ ತೆಗೆದುಕೊಳ್ಳಲು ಪ್ರಮಾಣಪತ್ರ ಬೇಕು. 2018ರ ಜನವರಿ 4ರ ಕೇಂದ್ರ ಮಾರ್ಗಸೂಚಿ ಇದರ ವಿಧಾನ ಹೇಳಿತು: ದೃಷ್ಟಿ, ಶ್ರವಣ, ಬುದ್ಧಿಮಟ್ಟಗಳ ತಪಾಸಣೆ, ಅನಂತರ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆ. ಆ ಮಾರ್ಗಸೂಚಿಯ ಪ್ರಕಾರ ಪ್ರಮಾಣಪತ್ರವನ್ನು 8, 14 ಮತ್ತು 18ನೇ ವಯಸ್ಸಿನಲ್ಲಿ ಪಡೆಯಬೇಕಿತ್ತು. 18ರದ್ದು ಜೀವನಪೂರ್ತಿ ನಡೆಯುತ್ತದೆಂದು ಅದು ಹೇಳಿತು. ತಮಾಷೆಯೆಂದರೆ ಆ ಪರೀಕ್ಷಾಮಾಲೆ ಸಿದ್ಧವಾಗಿದ್ದು ಸುಮಾರು 5ರಿಂದ 12 ವರ್ಷದ ಮಕ್ಕಳಿಗಾಗಿ, ಮುಖ್ಯವಾಗಿ ಇಂಗ್ಲಿಷ್ ಮಾಧ್ಯಮದ ಪಾಠಗಳನ್ನು ಆಧರಿಸಿ. ನವಲಗುಂದದ ಕನ್ನಡ ಶಾಲೆಯಲ್ಲಿ ಓದಿ ಧಾರವಾಡದಲ್ಲಿ ಬಿ.ಎ. ಸೇರಿದ ಹದಿನೆಂಟರ ಹುಡುಗಿಯ ಓದನ್ನು ಅದರಿಂದ ಅಳೆಯುವುದು ಎಷ್ಟು ಸಮರ್ಪಕ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಶೇ. 40 ಎಂಬ ಮಿತಿಯೂ ಅಷ್ಟೇ ಅಳ್ಳಕ: ವೈದ್ಯಕೀಯ ಕೋರ್ಸಿನ ಪ್ರವೇಶ ನಿಯಮಗಳೇ ಕಲಿಕಾ ನ್ಯೂನತೆಯ ತೀವ್ರತೆ ಅಳೆಯುವ ಮಾಪನ ಸದ್ಯಕ್ಕೆ ಇಲ್ಲವೆಂದು ಒಪ್ಪಿಕೊಂಡು, ಆ ಮಿತಿಯನ್ನು ಅಂದಾಜಿನದೆಂದು ಕರೆದಿದ್ದವು.

ಮಿಕ್ಕ ಜಾಗವನ್ನು ನ್ಯಾಯಾಲಯ ತುಂಬಿತು. 2021ರ ಫೆಬ್ರುವರಿ 11ರಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯಲು ಕಷ್ಟವಿರುವ ಅಭ್ಯರ್ಥಿಗೆ ಲಿಪಿಕಾರರ ನೆರವು ಕೊಡಲು ಶೇ. 40ರ ಮಿತಿ ಅಡ್ಡ ಬರಬಾರದೆಂದಿತು. ಅದೇ ವರ್ಷದ ನವೆಂಬರಿನಲ್ಲಿ ಅವನಿ ಪ್ರಕಾಶ್ ಪ್ರಕರಣದಲ್ಲಿ, ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ನೀಟ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ತಪ್ಪಿಸಿದ್ದನ್ನು ಅನ್ಯಾಯವೆಂದು ಕಂಡಿತು. 2022ರ ಆಗಸ್ಟ್ 10ರಂದು ಕೇಂದ್ರ ಸರ್ಕಾರ ಶೇ. 40ಕ್ಕಿಂತ ಕಡಿಮೆ ವೈಕಲ್ಯ ಇರುವವರಿಗೂ ನೆರವು ಕೊಡುವ ನಿಯಮ ಹೊರಡಿಸಿತು. ತಾಸಿಗೆ 20 ನಿಮಿಷದ ಲೆಕ್ಕದಲ್ಲಿ ಮೂರು ತಾಸಿನ ಪತ್ರಿಕೆಗೆ ಈಗ ನಾಲ್ಕು ತಾಸು.

ಇಷ್ಟು ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ವಿದ್ಯಾ ನಕ್ಷೆಯೂ ಬೆಳೆದಿತ್ತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2009ರಲ್ಲಿ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ ಬಂದವು, 1947ರ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು 2015ರಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಕ್ಯಾಂಪಸ್ಸುಗಳಲ್ಲಿ ಮೊದಲು ಕಾಣಿಸಿಕೊಂಡದ್ದು ಇಳಿಜಾರು ದಾರಿ ಮತ್ತು ಲಿಫ್ಟು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಪಾಸಣೆಯಲ್ಲಿ ಅವಕ್ಕೆ ಅಂಕವಿದೆ, ಫೋಟೊ ತೆಗೆದು ತೋರಿಸಲೂ ಬರುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಅವು ಬೇಕೇ ಬೇಕು. ಓದಿನ ತೊಡಕಿರುವವರಿಗೆ ಬೇಕಾದ ಬದಲಾವಣೆ ಫೋಟೊಕ್ಕೆ ಸಿಗುವುದಿಲ್ಲ, ಅದು ಉಪನ್ಯಾಸಕರ ಕೈಯಲ್ಲಿದೆ: ಪಾಠದ ಟಿಪ್ಪಣಿಯನ್ನು ಮೊದಲೇ ಕೊಡುವುದು, ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳುವುದು, ಉಪನ್ಯಾಸದ ಧ್ವನಿಮುದ್ರಣಕ್ಕೆ ಅವಕಾಶ, ದೊಡ್ಡ ನಿಬಂಧವನ್ನು ಸಣ್ಣ ಕಂತುಗಳಲ್ಲಿ ಬರೆಸುವುದು, ಕಾಗುಣಿತದ ತಪ್ಪಿಗೆ ವಿಷಯದ ಅಂಕ ಕಡಿಯದಿರುವುದು, ಎಲ್ಲರೆದುರು ಗಟ್ಟಿಯಾಗಿ ಓದಿಸದಿರುವುದು. ಇವುಗಳಿಂದ ಪ್ರಮಾಣಪತ್ರ ಇಲ್ಲದವರಿಗೂ, ಕನ್ನಡ ಮಾಧ್ಯಮದಿಂದ ಬಂದವರಿಗೂ ಅನುಕೂಲವೇ. ಬದಲಾವಣೆ ಕಷ್ಟವಾಗಿರುವುದಕ್ಕೆ ಕಾರಣ ಸರಳ. ಶಾಲೆಯ ಮಾಸ್ತರರು ಬಿ.ಎಡ್. ಓದುತ್ತಾರೆ, 2014ರ ನಿಯಮಾವಳಿಯ ನಂತರ ಅದರಲ್ಲಿ ಎಲ್ಲರನ್ನೂ ಒಳಗೊಳ್ಳುವ ಶಾಲೆಯ ಕುರಿತು ಒಂದು ಪತ್ರಿಕೆಯೂ ಉಂಟು. ಕಾಲೇಜಿನಲ್ಲಿ ಕಲಿಸಲು ಸ್ನಾತಕೋತ್ತರ ಪದವಿ ಮತ್ತು ನೆಟ್ ಅಥವಾ ಸ್ಲೆಟ್ ಸಾಕು, ಕಲಿಸುವ ತರಬೇತಿ ಬೇಕಿಲ್ಲ. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಯ ಮಾಸ್ತರರಿಗೆ ಬೇಕೆಂದು ಕಂಡುಕೊಂಡದ್ದು ಪ್ರಾಧ್ಯಾಪಕರಿಗೆ ಇಂದಿಗೂ ಕಡ್ಡಾಯವಾಗಿಲ್ಲ.

ತಂತ್ರಜ್ಞಾನ ಒಂದಿಷ್ಟು ದಾರಿ ಮಾಡಿಕೊಟ್ಟಿದೆ. ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುವ ಇ-ಸ್ಪೀಕ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಮೊಬೈಲಿನಲ್ಲೂ ಆ ಸೌಲಭ್ಯ ಉಂಟು. ಆದರೆ ಅವು ಓದುವುದು ಯುನಿಕೋಡ್ ಪಠ್ಯವನ್ನು ಮಾತ್ರ. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಾದ ನೋಟ್ಸು, ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಆದ ಪುಟಗಳು ಅವುಗಳ ಪಾಲಿಗೆ ಅರ್ಥವಿಲ್ಲದ ಗೀಟುಗಳು. ಟಿಪ್ಪಣಿಗಳನ್ನು ಯುನಿಕೋಡಿನಲ್ಲೇ ಕೊಡಬೇಕೆಂದು ಒಂದು ವಿಭಾಗ ತೀರ್ಮಾನಿಸಿದರೆ ಅದಕ್ಕೆ ಖರ್ಚಿಲ್ಲ.

ಬೋಧನೆಯ ಕ್ರಮವನ್ನೇ ತಿರುಗಿಸಿದ ಪ್ರಯತ್ನಕ್ಕೆ ಹತ್ತಿರದ ನಿದರ್ಶನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ್ದು. ಅಲ್ಲಿ ಮೊದಲ ವರ್ಷದವರಿಗಿರುವ 'ಇಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್' ಕೋರ್ಸಿನಲ್ಲಿ ವಿದ್ಯಾರ್ಥಿಗಳು ಗುಂಪಾಗಿ ಕೂಡಿ, ಒಂದು ನಿಜವಾದ ತೊಂದರೆಯನ್ನು ಹಿಡಿದು, ಅದಕ್ಕೆ ಉಪಕರಣವೊಂದನ್ನು ಮಾಡಿ ತೋರಿಸಬೇಕು. ಕಲಿಕಾ ನ್ಯೂನತೆಗಾಗಿ ರೂಪಿಸಿದ ಕೋರ್ಸು ಅದಲ್ಲ. ಆದರೂ ನಿಧಾನವಾಗಿ ಓದುವ, ಕೈಯಲ್ಲಿ ಚುರುಕಾಗಿರುವ ಹುಡುಗ ತನಗೆ ತಿಳಿದದ್ದನ್ನು ತೋರಿಸಲು ಅಲ್ಲಿ ಎಡೆಯಿದೆ. ಸಂಗೀತ ವಿಭಾಗ ಹಾಡಿಸಿ ನೋಡಿದಂತೆ ಇದು ಮಾಡಿಸಿ ನೋಡುವ ಕ್ರಮ.

ಮಿಕ್ಕ ವಿಭಾಗಗಳಲ್ಲಿ ಸೆಮಿಸ್ಟರಿನ ಕೊನೆಯ ಲಿಖಿತ ಪರೀಕ್ಷೆಯದೇ ಯಜಮಾನಿಕೆ. ಕಾಯ್ದೆಯ 17ನೇ ಕಲಮಿನಲ್ಲಿ ಹೆಚ್ಚುವರಿ ಸಮಯ, ಲಿಪಿಕಾರ, ಭಾಷೆಯ ವಿನಾಯಿತಿ ಬಂದಿರುವುದು ಬರೀ ಉದಾಹರಣೆಗಳಾಗಿ; ಅದು ಕೇಳುವುದು ಪಠ್ಯಕ್ರಮದ ಮತ್ತು ಪರೀಕ್ಷಾ ಪದ್ಧತಿಯ ಮಾರ್ಪಾಟನ್ನು. ವಿಶ್ವವಿದ್ಯಾಲಯಗಳು ಉದಾಹರಣೆಗಳನ್ನೇ ಪೂರ್ತಿ ಪಟ್ಟಿಯೆಂದು ಓದಿಕೊಂಡಿವೆ.